ಆಯಿ ನಿಂತ ದಿಕ್ಕು

ಲೇತ್ ಯಂತ್ರದಲ್ಲಿ ಕಬ್ಬಿಣ ಕಾಯದಿರಲೆಂದು ಹೊಯ್ಯುವ ಕೂಲಂಟ್ ಎಣ್ಣೆಗೆ ಒಂದು ವಾಸನೆಯಿದೆ. ಒಡೆದ ಹಾಲಿನ ಹುಳಿ, ಮಳೆಯಲ್ಲಿ ನೆಂದ ಕಬ್ಬಿಣ, ಎರಡೂ ಸೇರಿದ ವಾಸನೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಅದು ಉಗುರಿನ ಸಂದಿ ಬಿಟ್ಟು ಹೋಗುವುದಿಲ್ಲ. ನಾನೀಗ ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷೆ ಮಾಡುವ ಸಣ್ಣ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ಕಾರ್ಖಾನೆಗಳಿಂದ ಮೈಕ್ರೋಮೀಟರು, ವರ್ನಿಯರು, ಗೇಜುಗಳು ಡಬ್ಬಿಯಲ್ಲಿ ಬರುತ್ತವೆ. ಯಾವುದು ಎಷ್ಟು ತಪ್ಪು ಹೇಳುತ್ತಿದೆ, ಆ ತಪ್ಪನ್ನು ಸಹಿಸಬಹುದೋ ಬಾರದೋ ಎಂದು ನೋಡಿ ಚೀಟಿ ಅಂಟಿಸಿ ಕಳಿಸುವುದು ನನ್ನ ಹೊಟ್ಟೆಪಾಡು. ಮೊನ್ನೆ ಒಂದು ಡಬ್ಬಿ ತೆರೆದಾಗ ಒಳಗಿನ ಬಟ್ಟೆಯ ತುಂಡಿನಿಂದ ಆ ವಾಸನೆ ಎದ್ದಿತು. ಅದು ನಮ್ಮಪ್ಪನ ಕೈಯ ವಾಸನೆ. ಅದರ ಬೆನ್ನಿಗೇ ಪೀಣ್ಯದ ಆ ಹತ್ತು ಅಡಿಯ ಕೋಣೆ, ಅದರಲ್ಲಿ ಬಿಳಿ ದುಪ್ಪಟಿ ಹೊದ್ದು ಗೋಡೆಗೆ ಮುಖ ಮಾಡಿ ನಿಂತ ನಮ್ಮ ಆಯಿ, ಎಲ್ಲವೂ ಕಣ್ಣಮುಂದೆ ಬಂದವು. ಮೇಜಿನ ಮೇಲೆ ಇನ್ನೂ ಇಪ್ಪತ್ತು ಡಬ್ಬಿ ಬಾಕಿಯಿತ್ತು. ನಾನು ಅವತ್ತು ಬೇಗ ಮನೆಗೆ ಹೋದೆ.

ಆಯಿ ಅಂದರೆ ಅಪ್ಪನ ತಾಯಿ, ಹುಸೇನಬಿ. ನಾವು ಕೊಪ್ಪಳದ ಕಡೆಯ ಪಿಂಜಾರರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಮನೆತನದ ಕಸುಬು. ಮನೆಮಾತು ಕನ್ನಡ, ದೇವರ ಮಾತು ಅರಬ್ಬಿ, ನಡುವಿನ ಉರ್ದು ನಮಗೆ ಅಷ್ಟಕ್ಕಷ್ಟೆ. ಹಾಗಾಗಿ ಬೆಂಗಳೂರಿನಲ್ಲಿ ನಮ್ಮನ್ನು ಉರ್ದು ಬರುವವರು ಪೂರ್ತಿ ನಂಬುತ್ತಿರಲಿಲ್ಲ, ಕನ್ನಡದವರು ಹೆಸರು ಕೇಳಿದ ಮೇಲೆ ನಂಬುತ್ತಿರಲಿಲ್ಲ. ಫೋಮಿನ ಹಾಸಿಗೆ ಬಂದ ಮೇಲೆ ಗಾದಿ ಕೇಳುವವರಿಲ್ಲದೆ ಅಪ್ಪ ಊರು ಬಿಟ್ಟು ಪೀಣ್ಯದಲ್ಲಿ ಲೇತ್ ಕೆಲಸ ಕಲಿತಿದ್ದ. ನನಗೆ ಐದು ವರ್ಷವಿದ್ದಾಗ ಊರಲ್ಲಿ ಅಜ್ಜ ತೀರಿಕೊಂಡ. ಒಂಟಿಯಾದ ಆಯಿಯನ್ನೂ, ಊರಲ್ಲೇ ಇದ್ದ ಅವ್ವನನ್ನೂ ನನ್ನನ್ನೂ ಅಪ್ಪ ಕರೆತಂದು, ಚಿಕ್ಕಬಾಣಾವರದ ಕಡೆ ಹೋಗುವ ರಸ್ತೆಯ ಒಳಗೆ, ಸಾಲಾಗಿ ಕಟ್ಟಿದ ಆರು ಶೀಟಿನ ಕೋಣೆಗಳಲ್ಲಿ ನಾಲ್ಕನೆಯದರಲ್ಲಿ ಇಳಿಸಿದ. ಬಾಗಿಲು ತೆರೆದರೆ ಎರಡು ಮಾರು ಅಗಲದ ಓಣಿ, ಓಣಿಯಾಚೆ ಯಾವುದೋ ಕಾರ್ಖಾನೆಯ ಎತ್ತರದ ಗೋಡೆ. ಓಣಿಯ ಒಂದು ತುದಿಗೆ ಮಾಲೀಕರ ಮೂರು ಅಂತಸ್ತಿನ ಮನೆ, ಇನ್ನೊಂದು ತುದಿಗೆ ನೀರಿನ ಟ್ಯಾಂಕು. ಸೂರ್ಯ ನಮಗೆ ಕಾಣುತ್ತಿದ್ದದ್ದು ನೆತ್ತಿಯ ಮೇಲೆ ಬಂದಾಗ ಮಾತ್ರ. ಉಳಿದಂತೆ ಬೆಳಕು ಇರುತ್ತಿತ್ತು, ಅದು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುತ್ತಿರಲಿಲ್ಲ. "ಇಲ್ಲಿ ಸೂರ್ಯಾನೂ ಶಿಫ್ಟಿನ ಮ್ಯಾಲ ಬರ್ತಾನ" ಎನ್ನುತ್ತಿದ್ದಳು ಆಯಿ.

ಗಂಡ ಸತ್ತ ಹೆಂಗಸು ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಗೆ ಬರುವಂತಿಲ್ಲ. ಅದಕ್ಕೆ ಇದ್ದತ್ ಎನ್ನುತ್ತಾರೆ. ತೀರಾ ಅನಿವಾರ್ಯವೆಂದು ಊರಿನ ಮುಲ್ಲಾನನ್ನು ಕೇಳಿಯೇ ಆಯಿಯನ್ನು ನಡುವೆ ಊರಿನಿಂದ ತಂದಿದ್ದರು. ಲಾರಿಯಿಂದ ಇಳಿದವಳು ನೆಲ ನೋಡಿಕೊಂಡೇ ಓಣಿ ದಾಟಿ ಕೋಣೆ ಹೊಕ್ಕಳು, ಉಳಿದ ಮೂರು ತಿಂಗಳು ಹೊಸ್ತಿಲು ದಾಟಲಿಲ್ಲ. ಬಂದ ದಿನ ಮೊದಲು ಮಾಡಿದ ಕೆಲಸ ನಮಾಜಿನ ಚಾಪೆ ಹಾಸಿದ್ದು. ನಮಾಜಿಗೆ ಮುಖ ಮಾಡುವ ದಿಕ್ಕಿಗೆ ಕಿಬ್ಲಾ ಎಂದು ಹೆಸರು. ಮಕ್ಕಾದ ಕಾಬಾ ಇರುವ ದಿಕ್ಕು ಅದು. ನಮ್ಮ ದೇಶಕ್ಕೆ ಪಡುವಣ. ಊರಲ್ಲಿ ಆಯಿಗೆ ಇದು ತಲೆನೋವೇ ಆಗಿರಲಿಲ್ಲ. ಎಲ್ಲರ ಮನೆ ಬಾಗಿಲೂ ಮೂಡಲಕ್ಕೆ, ಬಾಗಿಲಿಗೆ ಬೆನ್ನು ಮಾಡಿ ನಿಂತರೆ ಆಯಿತು. ಇಲ್ಲಿಯೂ ಅವಳು ಬಾಗಿಲು ನೋಡಿದಳು, ಅದಕ್ಕೆ ಬೆನ್ನು ಮಾಡಿದಳು, ಹಿಂದಿನ ಕುರುಡುಗೋಡೆಗೆ ಮುಖ ಮಾಡಿ ಕೈ ಕಟ್ಟಿದಳು. ಅವತ್ತಿನಿಂದ ಆ ಗೋಡೆ ನಮ್ಮ ಮನೆಗೆ ಪಡುವಣವಾಯಿತು. ಯಾರೂ ಯಾರನ್ನೂ ಕೇಳಲಿಲ್ಲ. ಇದ್ದತ್ ಮುಗಿದ ಮೇಲೂ ಮೊಣಕಾಲು ನೋವಿನ ಆಯಿ ಓಣಿ ದಾಟಿದ್ದು ಕಡಿಮೆ. ಅವ್ವ ಆಯಿಯ ಹಿಂದೆ ನಿಂತಳು, ನಾನು ಅವ್ವನ ಹಿಂದೆ ನಿಂತೆ.

ಆಯಿ ಹುಟ್ಟಿನಿಂದ ಐದು ಹೊತ್ತಿನ ನಮಾಜಿನವಳಲ್ಲ. ಊರಲ್ಲಿ ನಮ್ಮದು ಹಬ್ಬದ ಧರ್ಮ. ದರ್ಗಾಕ್ಕೆ ಸಕ್ಕರೆ ಓದಿಸುವುದು, ಮೊಹರಮ್ಮಿನಲ್ಲಿ ಕೆಂಡದ ಅಲಾಯಿ ಕುಣಿಯ ಸುತ್ತ ಊರಿನವರೆಲ್ಲರ ಜೊತೆ ತಿರುಗುವುದು, ರಂಜಾನಿನಲ್ಲಿ ಆದಷ್ಟು ಉಪವಾಸ. ಹೆಂಗಸರಿಗೆ ನಮಾಜು ಕಲಿಸುವವರೇ ಇರಲಿಲ್ಲ. ಐವತ್ತು ದಾಟಿದ ಮೇಲೆ ಮುಲ್ಲಾನ ಹೆಂಡತಿಯ ಕೈಯಲ್ಲಿ, ಅಜ್ಜ ಹಾಸಿಗೆ ಹಿಡಿದಿದ್ದ ವರ್ಷ, ಅವಳು ಒಂದೊಂದೇ ಸಾಲು ಬಾಯಿಪಾಠ ಮಾಡಿದಳು. ಓದು ಬರದು, ಅರ್ಥ ತಿಳಿಯದು, ಆದರೆ ಉಚ್ಚಾರ ತಪ್ಪಿದರೆ ದೇವರಿಗೆ ಬೇರೇನೋ ಕೇಳಿಸೀತೆಂದು ಭಯ. ತಡವಾಗಿ ಕಲಿತವಳ ನಿಷ್ಠೆ ಅವಳದು, ಒಂದು ಹೊತ್ತೂ ತಪ್ಪುತ್ತಿರಲಿಲ್ಲ. ನನಗೆ ಕಲಿಸಿದ್ದೂ ಅವಳೇ, ಗಾದಿಯ ಭಾಷೆಯಲ್ಲಿ. ಗಾದಿಗೆ ನಾಲ್ಕು ಮೂಲೆ ಹೊಲಿದು ನಡುವೆ ಒಂದು ಟಾಕು ಹಾಕುತ್ತಾರಲ್ಲ, ಹಾಗೆ ಇಸ್ಲಾಮಿಗೂ ಐದು ಟಾಕು. ನಮಾಜು ಒಂದು ಮೂಲೆ, ರಂಜಾನಿನ ಉಪವಾಸ ರೋಜಾ ಒಂದು, ಇದ್ದವರು ಇಲ್ಲದವರಿಗೆ ಕೊಡುವ ಜಕಾತು ಒಂದು, ಕೈಲಾದವರು ಜೀವನದಲ್ಲಿ ಒಮ್ಮೆ ಮಾಡುವ ಹಜ್ಜು ಒಂದು. ನಡುವಿನ ಟಾಕು ಕಲಿಮಾ: ಅಲ್ಲಾ ಒಬ್ಬನೇ, ಅವನಿಗೆ ಜೋಡಿಲ್ಲ, ಮುಹಮ್ಮದ್ ಪೈಗಂಬರರು ಅವನ ದೂತರು. "ಮೂಲಿ ಒಂದು ಬಿಚ್ಚಿದ್ರ ಮತ್ತ ಹೊಲಿಬಹುದು ಮಗಳ. ನಡುವಿಂದ ಬಿಚ್ಚಿದ್ರ ಅರಳಿ ಎಲ್ಲಾ ಒಂದ ಕಡಿಗೆ ಹೋಗಿ ಕುಂತುಬಿಡತೈತಿ" ಎನ್ನುತ್ತಿದ್ದಳು. ಅವಳ ದೇವರಿಗೆ ರೂಪವಿರಲಿಲ್ಲ, ಫೋಟೋ ಇರಲಿಲ್ಲ, ಅಪ್ಪ ಅಮ್ಮ ಇರಲಿಲ್ಲ. ಹತ್ತಿಯೊಳಗಿನ ಗಾಳಿಯಂತೆ ಇದ್ದಾನೆ ಎಂದು ನಾನೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ಆ ಕೋಣೆಯ ದಿನಕ್ಕೆ ಐದು ಗಂಟುಗಳಿದ್ದವು. ಕತ್ತಲಿರುವಾಗಲೇ ಹಿತ್ತಾಳೆ ತಂಬಿಗೆಯ ನೀರಿನ ಸದ್ದು, ಮೊಣಕೈವರೆಗೆ ತೊಳೆದ ಆಯಿಯ ಕೈಯಿಂದ ನೆಲಕ್ಕೆ ಬೀಳುವ ಹನಿ. ಆಮೇಲೆ ಮಧ್ಯಾಹ್ನ ಶೀಟು ಕಾದು ಟಕ್ ಟಕ್ ಎನ್ನುವಾಗ, ಸಂಜೆ ಎದುರಿನ ಕಾರ್ಖಾನೆಯ ಶಿಫ್ಟಿನ ಸೈರನ್ನಿನ ಹಿಂದೆಮುಂದೆ, ದೀಪ ಹಚ್ಚುವ ಹೊತ್ತಿಗೆ, ಊಟವಾದ ಮೇಲೆ. ಗಾರ್ಮೆಂಟ್ಸ್‌ನಲ್ಲಿ ಕಾಲರು ಹೊಲಿಯುತ್ತಿದ್ದ ಅವ್ವ ಮನೆಯಲ್ಲಿದ್ದ ಹೊತ್ತು ಅವಳ ಹಿಂದೆ ನಿಲ್ಲುತ್ತಿದ್ದಳು. ನಿಲ್ಲದಿದ್ದವನು ಅಪ್ಪ ಒಬ್ಬನೇ. ಶುಕ್ರವಾರ ಮಸೀದಿಗೆ ಹೋಗುತ್ತಿದ್ದ, ಈದಿಗೆ ಈದ್‌ಗಾಕ್ಕೆ ಹೋಗುತ್ತಿದ್ದ, ಮನೆಯಲ್ಲಿ ಮಾತ್ರ ಆಯಿ ಚಾಪೆ ಹಾಸಿದ ಕೂಡಲೇ ಅವನಿಗೆ ಹೊರಗೆ ಏನಾದರೊಂದು ಕೆಲಸ ಬರುತ್ತಿತ್ತು. ಆಯಿಗೆ ಒಂದೇ ಒಂದು ಆಸೆ. ಮಗ ಮನೆಯಲ್ಲಿ ಮುಂದೆ ನಿಂತು ಒಮ್ಮೆ ನಮಾಜು ಮಾಡಿಸಬೇಕು, ತಾನು ಅವನ ಹಿಂದೆ ನಿಲ್ಲಬೇಕು, ಅವನ ಬಾಯಿಂದ ಅವನಪ್ಪನಿಗಾಗಿ ಬೇಡುವ ದುವಾ ಕೇಳಬೇಕು. ಪ್ರತಿ ರಂಜಾನಿಗೆ ಕೇಳುತ್ತಿದ್ದಳು. "ಮಸೀದ್ಯಾಗ ಮಾಡಿ ಬಂದೀನ್ಬೇ ಯವ್ವಾ" ಎಂದು ಅಪ್ಪ ಜಾರಿಕೊಳ್ಳುತ್ತಿದ್ದ. "ಹೌದಪ್ಪ, ಯಾರ ನೋಡ್ಯಾರ? ಅಪ್ಪ ಸತ್ತ ಮನ್ಯಾಗ ಒಂದ ದಿನಾ ನೆಲಕ್ಕ ಹಣಿ ಹಚ್ಚಲಾರದ ಮಗಾ ಹುಟ್ಯಾನ" ಎಂದು ಅವಳು ಬೈಯುವಳು. ಬೈಗುಳ ತಿಂದು ಅಪ್ಪ ಬೀಡಿ ಹಚ್ಚಿಕೊಂಡು ಓಣಿಯ ತುದಿಗೆ ಹೋಗುವನು. ಅವನಿಗೆ ಭಕ್ತಿ ಕಡಿಮೆ ಎಂದೇ ನಾನು ನಂಬಿದ್ದೆ.

ಆರನೆಯ ಕ್ಲಾಸಿನಲ್ಲಿ ವಿಜ್ಞಾನದ ಮೇಡಂ ಅಯಸ್ಕಾಂತದ ಪಾಠ ಮಾಡಿದರು. ಪಟ್ಟಿಯಂಥ ಅಯಸ್ಕಾಂತವನ್ನು ದಾರದಲ್ಲಿ ತೂಗುಬಿಟ್ಟು ಅದು ಎಲ್ಲಿ ನಿಲ್ಲುತ್ತದೆ ನೋಡಿಕೊಂಡು ಬನ್ನಿ ಎಂದರು. ಅಪ್ಪನ ಹತ್ತಿರ ಒಂದಿತ್ತು, ಲೇತಿನ ಕೆಳಗೆ ಬಿದ್ದ ಕಬ್ಬಿಣದ ಸುರುಳಿ ಎತ್ತಲು ಇಟ್ಟುಕೊಂಡದ್ದು. ಬಟ್ಟೆ ಒಣಹಾಕುವ ಹಗ್ಗಕ್ಕೆ ಅದನ್ನು ಕಟ್ಟಿದೆ. ಟ್ರಂಕಿನ ಕಬ್ಬಿಣ ಎಳೆದೀತೆಂದು ಟ್ರಂಕನ್ನು ಹೊರಗೆ ನೂಕಿದೆ. ಅಯಸ್ಕಾಂತ ತಿರುಗಿತು, ಹಿಂದೆ ಬಂತು, ಮತ್ತೆ ತಿರುಗಿತು, ಕೊನೆಗೆ ಆಯಿಯ ನಮಾಜಿನ ಗೋಡೆಗೆ ಒಂದು ತುದಿ, ಬಾಗಿಲಿಗೆ ಒಂದು ತುದಿ ಮಾಡಿ ನಿಂತಿತು. ಬೆರಳಿನಿಂದ ತಳ್ಳಿದರೂ ಮತ್ತೆ ಅಲ್ಲಿಗೇ ಬಂತು. ನನಗಾದ ಖುಷಿ ಅಷ್ಟಿಷ್ಟಲ್ಲ. ಕಬ್ಬಿಣಕ್ಕೂ ಕಿಬ್ಲಾ ಗೊತ್ತು! ಆಯಿಯನ್ನು ಕರೆದು ತೋರಿಸಿದೆ. ಅವಳು ಕೈಯಲ್ಲಿದ್ದ ಸೊಪ್ಪು ಬಿಟ್ಟು, ಎದ್ದು ಬಂದು, ತೂಗುವ ಆ ತುಂಡನ್ನು ಬಹಳ ಹೊತ್ತು ನೋಡಿದಳು. "ಜೀವ ಇಲ್ಲದ್ದಕ್ಕೂ ಗೊತ್ತೈತಿ, ನಿಮ್ಮಪ್ಪಗ ಗೊತ್ತಿಲ್ಲ" ಎಂದಳು. ಮರುದಿನ ನಾನು ಕ್ಲಾಸಿನಲ್ಲಿ ಕೈಯೆತ್ತಿ, ಅದು ಪಶ್ಚಿಮಕ್ಕೆ ನಿಲ್ಲುತ್ತದೆ ಮೇಡಂ ಎಂದೆ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ಇಲ್ಲಮ್ಮಾ, ಎಲ್ಲಿ ಕಟ್ಟಿದ್ರೂ ಅದು ಉತ್ತರ-ದಕ್ಷಿಣಾನೇ. ನೀನು ದಿಕ್ಕು ತಪ್ಪಾಗಿ ತಿಳ್ಕೊಂಡಿದೀಯ, ಅಷ್ಟೇ" ಎಂದರು.

ಶಾಲೆ ಬಿಟ್ಟ ಮೇಲೆ ಮಾಲೀಕರ ಹೆಂಡತಿ ಗೌರಮ್ಮನವರನ್ನು ಕೇಳಿದೆ, ನಮ್ಮ ಬಾಗಿಲು ಯಾವ ಕಡೆಗಿದೆ ಎಂದು. "ದಕ್ಷಿಣಕ್ಕೆ ಕಣೇ. ಸೈಟು ಇದ್ದಂಗೆ ಕಟ್ಟಿದ್ವಿ" ಎಂದರು. ದಕ್ಷಿಣಕ್ಕೆ ಯಾರಾದರೂ ಬಾಗಿಲು ಇಡುತ್ತಾರಾ ಎಂದೆ, ಆಯಿಯ ಬಾಯಿಂದ ಕಲಿತ ಮಾತು ಅದು. ಗೌರಮ್ಮ ಜೋರಾಗಿ ನಕ್ಕರು. "ನಮ್ಮನೇಗೆ ಪೂರ್ವಕ್ಕೇ ಇಟ್ಟಿದೀವಮ್ಮ. ಬಾಡಿಗೆ ಮನೆಗ್ಯಾವ ವಾಸ್ತು?" ಊರಿನಲ್ಲಿ ಯಾರೂ ಮಾಡದ ಕೆಲಸವನ್ನು ಇಲ್ಲಿಯೂ ಯಾರೂ ಮಾಡುವುದಿಲ್ಲ ಎಂದು ನಂಬಿದ್ದು ಆಯಿಯ ತಪ್ಪು. ಕುರುಡುಗೋಡೆ ಉತ್ತರ. ಕಾಬಾ ಇರುವುದು ಅವಳ ಎಡಗೈಯ ಕಡೆ, ಗ್ಯಾಸ್ ಒಲೆ ಇಟ್ಟಿದ್ದ ಕಟ್ಟೆಯ ಕಡೆ. ಆರು ವರ್ಷದಿಂದ ಅವಳು ದಿನಕ್ಕೆ ಐದು ಸಲ ಅದರ ಕಡೆ ಭುಜ ಮಾಡಿ ನಿಂತಿದ್ದಳು.

ಅಪ್ಪನಿಗೆ ಹೇಳಿದ್ದು ಭಾನುವಾರ, ಬಸ್‌ಸ್ಟಾಪಿನ ಬದಿಯ ಟೀ ಅಂಗಡಿಯಲ್ಲಿ. ಹೊಸ ಸುದ್ದಿ ಕೇಳಿದವರ ಮುಖ ಅವನದಾಗಲಿಲ್ಲ. ಟೀ ಲೋಟ ಕೆಳಗಿಟ್ಟ. "ನನಗ ಬಂದ ತಿಂಗಳಾಗ ಗೊತ್ತಾತು. ಶೀಟು ಸೋರತೈತಂತ ಮ್ಯಾಲ ಹತ್ತಿದ್ನಿ, ಸೂರ್ಯ ಮುಳುಗಾಕತ್ತಿದ್ದ" ಎಂದ. ಆಗ ಆಯಿ ಇದ್ದತ್ತಿನಲ್ಲಿದ್ದಳಂತೆ. ಹಗಲೆಲ್ಲ ಚಾಪೆಯ ಮೇಲೆ ಕೂತು ಸತ್ತ ಗಂಡನಿಗಾಗಿ ಬೇಡುತ್ತಿದ್ದಳು, ಅದೊಂದು ಬಿಟ್ಟು ಅವಳಿಗೆ ಬೇರೇನೂ ಹಿಡಿದುಕೊಳ್ಳಲು ಇರಲಿಲ್ಲ. ಇದ್ದತ್ ಮುಗಿಯಲಿ, ಹೇಳೋಣ ಎಂದುಕೊಂಡ. ಮುಗಿದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂದು ಹಿಂಜರಿದ. ಹಿಂಜರಿದಷ್ಟೂ ದಿನ ಬೆಳೆಯಿತು, ದಿನ ಬೆಳೆದಷ್ಟೂ ಹೇಳುವುದು ಕಷ್ಟವಾಯಿತು. ಗೊತ್ತಿದ್ದೂ ತಪ್ಪು ದಿಕ್ಕಿಗೆ ನಿಲ್ಲುವಂತಿಲ್ಲ, ಸರಿ ದಿಕ್ಕಿಗೆ ನಿಂತರೆ ಅವಳಿಗೆ ತಿಳಿಯುತ್ತದೆ. ಅದಕ್ಕೇ ಮನೆಯಲ್ಲಿ ನಿಲ್ಲುವುದನ್ನೇ ಬಿಟ್ಟ. ಆರು ವರ್ಷದ ಬೈಗುಳವನ್ನು ಅವನು ಕೂಲಿಯಂತೆ ಹೊತ್ತಿದ್ದ. "ಆಯಿಗೆ ಹೇಳಬ್ಯಾಡವ್ವ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. ನಾನು ಹೂಂ ಎಂದೆ. ಹನ್ನೊಂದು ವರ್ಷದವಳ ಹೂಂ ಎಷ್ಟು ದಿನ ಬಾಳುತ್ತದೆ ಎಂದು ಅವನು ಯೋಚಿಸಬೇಕಿತ್ತು.

ಮರುವಾರ ರಂಜಾನ್ ಬಂತು. ಸಂಜೆಯ ಮುಂದೆ, ಬಾಯಾರಿ ನಾಲಿಗೆ ಅಂಟುವ ಹೊತ್ತಿನಲ್ಲಿ, ಹೊತ್ತು ಹೋಗಲೆಂದು ಆಯಿ ಕಥೆ ಹೇಳುತ್ತಿದ್ದಳು. ಎಲ್ಲವೂ ಪೈಗಂಬರರ ಕಾಲದ ಕಥೆಗಳು. ಹುಟ್ಟುವ ಮೊದಲೇ ತಂದೆ, ಆರು ವರ್ಷಕ್ಕೆ ತಾಯಿ, ಇಬ್ಬರನ್ನೂ ಕಳೆದುಕೊಂಡು ಅಜ್ಜನ ಮನೆಯಲ್ಲೂ ಚಿಕ್ಕಪ್ಪನ ಮನೆಯಲ್ಲೂ ಬೆಳೆದವರು. ಕುರಿ ಕಾದವರು, ವ್ಯಾಪಾರಕ್ಕೆ ಹೋದವರು, ಮಾತಿಗೆ ತಪ್ಪದವರೆಂದು ಊರೇ ಹೊಗಳಿದವರು. ನಲವತ್ತರ ವಯಸ್ಸಿನಲ್ಲಿ ಗುಡ್ಡದ ಗವಿಯಲ್ಲಿ ಒಬ್ಬರೇ ಕೂತಿದ್ದಾಗ ದೇವದೂತ ಬಂದು ಓದು ಎಂದ. ಓದು ಬಾರದು ಎಂದರು ಅವರು. "ನನ್ನಂಗ" ಎಂದು ಇಲ್ಲಿ ಆಯಿ ಪ್ರತಿಸಲ ಒಂದು ಕ್ಷಣ ನಿಲ್ಲಿಸುತ್ತಿದ್ದಳು. ಆಗ ಇಳಿದ ಮಾತುಗಳೇ ಕುರಾನಿನ ಮೊದಲ ಮಾತುಗಳು. ದೇವರು ಒಬ್ಬನೇ, ಅನಾಥರ ಅನ್ನ ಕಸಿಯಬೇಡಿ, ಹುಟ್ಟಿದ ಹೆಣ್ಣುಕೂಸನ್ನು ಹೂಳಬೇಡಿ ಎಂದು ಅವರು ಹೇಳಿದ್ದಕ್ಕೆ ಹೊಗಳಿದ ಊರೇ ಕಲ್ಲು ಹೊಡೆಯಿತು. ಕೊನೆಗೆ ಹುಟ್ಟಿದ ಮಕ್ಕಾ ಬಿಟ್ಟು ಮದೀನಕ್ಕೆ ಹೋದರು. "ನಾವು ಊರ ಬಿಟ್ಟಂಗ?" ಎಂದು ನಾನು ಕೇಳಿದೆ. "ನಾವು ಹೊಟ್ಟಿಗೆ ಬಿಟ್ವಿ. ಅವರು ಮಾತಿಗೆ ಬಿಟ್ರು. ಹೋಲಿಸಬಾರದು" ಎಂದಳು. ಮೊದಮೊದಲು ಅವರೆಲ್ಲ ಜೆರೂಸಲೇಮಿನ ಕಡೆ ಮುಖ ಮಾಡಿ ನಮಾಜು ಮಾಡುತ್ತಿದ್ದರಂತೆ. ಮದೀನದಲ್ಲಿದ್ದಾಗ, ಇನ್ನು ಕಾಬಾದ ಕಡೆ ತಿರುಗಿ ಎಂದು ಅಪ್ಪಣೆಯಾಯಿತು. ದೂರದ ಒಂದು ಮಸೀದಿಯಲ್ಲಿ ಜನ ನಮಾಜಿನ ನಡುವೆ ಬಾಗಿದ್ದರು. ದಾರಿಹೋಕನೊಬ್ಬ ಬಂದು ಕಿಬ್ಲಾ ಬದಲಾಗಿದೆ ಎಂದು ಕೂಗಿದ. ಅವರು ನಮಾಜು ಮುರಿಯಲಿಲ್ಲ, ಯಾಕೆ ಎನ್ನಲಿಲ್ಲ, ಬಾಗಿದವರು ಬಾಗಿದಂತೆಯೇ ಸಾಲಿಗೆ ಸಾಲು ತಿರುಗಿಬಿಟ್ಟರು. ಹೇಳುವಾಗ ಆಯಿಯ ಕಣ್ಣು ಹೊಳೆಯುತ್ತಿತ್ತು. "ನಂಬೋದು ಅಂದ್ರ ಹಂಗ ನೋಡು" ಎಂದಳು.

ನಾನು ಮಾಡಿದ್ದು ಆ ಕಥೆಯಿಂದಲೇ ಬಂದದ್ದು. ಅಪ್ಪನಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಆಯಿಗೆ ನೋವಾಗುತ್ತದೆ ಎಂದು ಅಪ್ಪ ಹೆದರಿದ್ದು ಅವಳಿಗೆ ಈ ಕಥೆ ಗೊತ್ತೆಂದು ಅವನಿಗೆ ತಿಳಿಯದೆ ಇದ್ದುದರಿಂದ ಎಂದು ನಾನು ತೀರ್ಮಾನ ಮಾಡಿದೆ. ಭಾನುವಾರ ಅಪ್ಪ ಓವರ್‌ಟೈಮಿಗೆ ಹೋಗಿದ್ದ. ಸಂಜೆಯ ನಮಾಜಿಗೆ ಆಯಿ ಮುಂದೆ, ಅವ್ವ ಹಿಂದೆ ನಿಂತಿದ್ದರು. ಎರಡು ಸುತ್ತು ಮುಗಿದಿತ್ತು, ಇನ್ನೆರಡು ಉಳಿದಿತ್ತು. ನಾನು ಬಾಗಿಲಲ್ಲಿ ನಿಂತು, ದಾರಿಹೋಕನಂತೆ, ದೊಡ್ಡ ದನಿಯಲ್ಲಿ ಕೂಗಿದೆ: "ಆಯೀ, ಕಿಬ್ಲಾ ಎಡಕ್ಕೈತಿ! ಇದು ಉತ್ತರ. ಎಡಕ್ಕ ತಿರುಗು!" ಆಯಿಯ ತುಟಿಯ ಪಿಸುಮಾತು ನಿಂತಿತು. ಎದುರಿನ ಕಾರ್ಖಾನೆಯ ಪ್ರೆಸ್ಸಿನ ಸದ್ದು ನಾಲ್ಕೈದು ಸಲ ಬಿದ್ದಿರಬೇಕು. ಆಮೇಲೆ ಅವಳು, ಕಟ್ಟಿದ ಕೈ ಬಿಚ್ಚದೆ, ಮೊಣಕಾಲು ನೋವಿನ ಆ ಸಣ್ಣ ಸಣ್ಣ ಹೆಜ್ಜೆಯಲ್ಲಿ, ಎಡಕ್ಕೆ ತಿರುಗಿದಳು. ಅವ್ವನೂ ತಿರುಗಿದಳು. ಆರು ವರ್ಷ ಹಿಂದಿದ್ದ ಸೊಸೆ ಒಂದೇ ಕ್ಷಣದಲ್ಲಿ ಅತ್ತೆಯ ಪಕ್ಕಕ್ಕೆ ಬಂದಿದ್ದಳು. ಇಬ್ಬರೂ ಗ್ಯಾಸ್ ಒಲೆಗೆ, ಅದರ ಮೇಲೆ ಇಫ್ತಾರಿಗೆಂದು ಮುಚ್ಚಿಟ್ಟಿದ್ದ ಗಂಜಿಯ ಪಾತ್ರೆಗೆ ಮುಖ ಮಾಡಿ ಉಳಿದದ್ದನ್ನು ಮುಗಿಸಿದರು. ಇಷ್ಟು ಸುಂದರವಾದದ್ದನ್ನು ನಾನು ಆಮೇಲೆ ಕಂಡಿಲ್ಲ. ಅದನ್ನು ಮಾಡಿಸಿದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಸಲಾಂ ಹೇಳಿ ಮುಗಿಸಿದ ಆಯಿ ಏಳಲಿಲ್ಲ. ಹತ್ತಿರ ಕರೆದು ಯಾರು ಹೇಳಿದರು ಎಂದು ಕೇಳಿದಳು. ಅಯಸ್ಕಾಂತ, ಮೇಡಂ, ಗೌರಮ್ಮ, ಎಲ್ಲ ಹೇಳಿದೆ. ಖುಷಿಯಲ್ಲಿ, ಅಪ್ಪನಿಗೆ ಮೊದಲೇ ಗೊತ್ತಿತ್ತು ಎಂದೂ ಹೇಳಿಬಿಟ್ಟೆ. ಆಗ ಅವಳ ಮುಖ ನೋಡಿದೆ. ದಿಕ್ಕು ತಪ್ಪಿದ್ದಕ್ಕೆ ಅಳದವಳು ಈ ಮಾತಿಗೆ ಅತ್ತಳು. ಇದ್ದತ್ತಿನ ಆ ದಿನಗಳಲ್ಲಿ ಗಂಡನಿಗಾಗಿ ಕೇಳಿದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಅವ್ವನನ್ನು ಕೇಳಿದಳು. ನಿನಗೂ ಗೊತ್ತಿತ್ತಾ ಎಂದಳು. "ನನಗ ದಿಕ್ಕ ಯಾಕ ಬೇಕಿತ್ತು ಅತ್ತಿ, ನಿಮ್ಮ ಬೆನ್ನ ನನಗ ಕಿಬ್ಲಾ ಆಗಿತ್ತು" ಎಂದಳು ಅವ್ವ. ಅಪ್ಪ ಬಂದಾಗ ರೋಜಾ ಬಿಡುವ ಹೊತ್ತು. ಖರ್ಜೂರ ಬಾಯಿಗಿಟ್ಟುಕೊಂಡು, ನೀರು ಕುಡಿದು, ಆಯಿ ಮಗನ ಕಡೆ ನೋಡದೆ ಒಂದೇ ಮಾತು ಹೇಳಿದಳು: "ನಾ ಕುಡ್ಡಿ ಆಗಿದ್ದೆ. ನೀ ಕಣ್ಣಿದ್ದವ, ಕೈ ಹಿಡಿಲಿಲ್ಲ." ಅಪ್ಪ ನನ್ನನ್ನು ಬೈಯಲಿಲ್ಲ. ತಿರುಗಿ ಕೂಡ ನೋಡಲಿಲ್ಲ.

ಮರುದಿನ ಅವನು ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ತರನ್ನು ಕೇಳಿ ಬಂದ. ಎಲ್ಲವೂ ಕಬೂಲಾಗಿದೆಯಂತೆ, ತಿಳಿಯದೆ ಮಾಡಿದ್ದಕ್ಕೆ ತಪ್ಪಿಲ್ಲವಂತೆ, ಪೂರ್ವವೂ ಪಶ್ಚಿಮವೂ ಅಲ್ಲಾನದೇ ಅಂತೆ ಎಂದ. ಆಯಿ ಬಟಾಣಿ ಬಿಡಿಸುತ್ತಿದ್ದಳು. "ಪೂರಾ ಹೇಳು. ಆರು ವರ್ಷ ಅರ್ಧಾ ಹೇಳೀದಿ" ಎಂದಳು. ಆಗ ಉಳಿದರ್ಧ ಬಂತು. ಗೊತ್ತಿಲ್ಲದ ಜಾಗದಲ್ಲಿ, ಕೇಳಲು ಯಾರೂ ಇಲ್ಲದಾಗ, ತನ್ನ ಬುದ್ಧಿಗೆ ತೋಚಿದಷ್ಟು ಹುಡುಕಿ ನಿಂತವರ ನಮಾಜು ದಿಕ್ಕು ತಪ್ಪಿದರೂ ಸೇರುತ್ತದೆ. ಕೇಳಲು ಜನವಿದ್ದೂ ಕೇಳದೆ ನಿಂತಿದ್ದರೆ ಮತ್ತೆ ಮಾಡುವುದು ಒಳ್ಳೆಯದು, ಮುದುಕಿಯ ಮೇಲೆ ಒತ್ತಾಯವಿಲ್ಲ ಎಂದಿದ್ದರಂತೆ ಹಜರತ್ತರು. ಓಣಿಯಲ್ಲಿ ಆರು ಮನೆ ಜನರಿದ್ದರು. "ನಾ ಯಾರನ್ನೂ ಕೇಳಲಿಲ್ಲ. ಬಾಗಲಾ ಕೇಳಿದ್ನಿ" ಎಂದಳು ಆಯಿ. ಅಲ್ಲಾ ಎಲ್ಲ ಕಡೆಗೂ ಇದ್ದಾನಲ್ಲ ಯವ್ವಾ ಎಂದು ಅಪ್ಪ ಗೋಗರೆದ. "ಅವ ಎಲ್ಲಾ ಕಡಿಗೂ ಅದಾನ, ನನಗ ಗೊತ್ತಿಲ್ಲೇನು? ನಾನು ಒಂದ ಕಡಿಗೆ ನಿಲ್ಲಬೇಕಲ್ಲ" ಎಂದು ಬಟಾಣಿ ಸಿಪ್ಪೆಗಳನ್ನು ಸೆರಗಿನಿಂದ ಕೊಡವಿ ಎದ್ದಳು. ಅಂದಿನಿಂದ ಪ್ರತಿ ಹೊತ್ತಿನ ನಮಾಜಿನ ಜೊತೆ ಹಿಂದಿನದೊಂದನ್ನು ಸೇರಿಸಿ ಮಾಡತೊಡಗಿದಳು.

ಅವತ್ತು ದೀಪ ಹಚ್ಚುವ ಹೊತ್ತಿಗೆ ಅವಳು ಚಾಪೆ ಹಾಸಿದಾಗ ಅಪ್ಪನಿಗೆ ಹೊರಗೆ ಕೆಲಸ ಬರಲಿಲ್ಲ. ಒಲೆಯ ಕಟ್ಟೆಯ ಮುಂದೆ ಇದ್ದ ಚೂರು ಜಾಗದಲ್ಲಿ ಅವನು ಮುಂದೆ ನಿಂತ. ಇಬ್ಬರು ಹೆಂಗಸರೂ ನಾನೂ ಹಿಂದೆ ನಿಂತೆವು. ಅವನು ಒಂದೆರಡು ಕಡೆ ಸಾಲು ಮರೆತ, ಹಿಂದಿನಿಂದ ಆಯಿ ಕೆಮ್ಮಿದಳು. ಕೊನೆಯ ದುವಾದಲ್ಲಿ ಅಜ್ಜನ ಹೆಸರು ಬಂದಾಗ ಆಯಿ ಗಟ್ಟಿಯಾಗಿ ಆಮೀನ್ ಎಂದಳು. ಮಗನ ಜೊತೆ ಅವಳು ಸರಿಯಾಗಿ ಮಾತಾಡಲು ಆ ರಂಜಾನ್ ಪೂರ್ತಿ ಹಿಡಿಯಿತು. ಈದಿನ ದಿನ ಶಾವಿಗೆಯ ಬಟ್ಟಲನ್ನು ಅವನ ಕೈಗೇ ಕೊಟ್ಟಳು, ಅಷ್ಟರಿಂದ ಸರಿಹೋಯಿತೆಂದು ನಾವು ತಿಳಿದೆವು. ಆದರೆ ಅವಳ ಮೊಣಕಾಲುಗಳು ಹೋದವು. ದಿನಕ್ಕೆ ಐದರ ಬದಲು ಹತ್ತು ಸಲ ಏಳುವುದು ಕೂರುವುದು. ಡಾಕ್ಟರು ಕುರ್ಚಿಯ ಮೇಲೆ ಕೂತು ಮಾಡಿ ಎಂದರು, ಎರಡು ವರ್ಷ ಅವಳು ಒಪ್ಪಲಿಲ್ಲ. ಎಷ್ಟಾಯಿತು, ಎಷ್ಟು ಉಳಿಯಿತು ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಅದು ನಿನ್ನ ಅಯಸ್ಕಾಂತದ ಪಾಠವಲ್ಲ ಎಂದಳು. ನಾನು ಹತ್ತನೆಯ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ, ನಮಾಜಿಗೆ ಕೈಕಾಲು ತೊಳೆಯುವ ವಜೂ ಮಾಡಲು ಕೂತವಳು ಏಳಲಿಲ್ಲ. ಉಳಿದದ್ದನ್ನು ತಾಯಿಯ ಪರವಾಗಿ ತಾನು ಮಾಡಬಹುದೇ ಎಂದು ಅಪ್ಪ ಹಜರತ್ತರನ್ನು ಕೇಳಿದ. ಒಬ್ಬರ ನಮಾಜನ್ನು ಇನ್ನೊಬ್ಬರು ಮಾಡಲಾಗುವುದಿಲ್ಲ, ಅವಳಿಗಾಗಿ ಬೇಡಿಕೊಳ್ಳಬಹುದು, ಬಡವರಿಗೆ ಉಣಿಸಬಹುದು ಎಂದರು ಅವರು.

ಈಗ ಆ ಸಾಲು ಕೋಣೆಗಳಿಲ್ಲ, ಆ ಜಾಗದಲ್ಲಿ ಕೊರಿಯರ್ ಕಂಪನಿಯೊಂದರ ಗೋದಾಮು ಎದ್ದಿದೆ. ಅದರ ಬಾಗಿಲು ಯಾವ ದಿಕ್ಕಿಗಿದೆ ಎಂದು ನಾನು ನೋಡಲಿಲ್ಲ. ಅಪ್ಪ ಹೋಗಿ ಮೂರು ವರ್ಷವಾಯಿತು. ಅವ್ವ ನನ್ನ ಜೊತೆಗಿದ್ದಾಳೆ. ಫೋನಿನಲ್ಲಿ ಒಂದು ಬಾಣ ಬರುತ್ತದೆ, ಕಿಬ್ಲಾ ಎಲ್ಲಿದೆ ಎಂದು ಡಿಗ್ರಿ ಲೆಕ್ಕದಲ್ಲಿ ತೋರಿಸುತ್ತದೆ. ನೇರ ಪಶ್ಚಿಮವೂ ಅಲ್ಲ, ಸ್ವಲ್ಪ ಬಲಕ್ಕೆ. ನಾನು ಎಲ್ಲ ಹೊತ್ತೂ ನಮಾಜು ಮಾಡುವವಳಲ್ಲ, ಮಾಡಿದಾಗ ಬಾಣ ನೋಡಿಯೇ ನಿಲ್ಲುತ್ತೇನೆ. ಹೇಳಿದ್ದು ಸರಿಯೋ ತಪ್ಪೋ ಎಂದು ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ಲ್ಯಾಬಿನಲ್ಲಿ ದಿನಾ ಪರರ ತಪ್ಪು ಅಳೆಯುವವಳಿಗೆ ಇದೊಂದನ್ನು ಅಳೆಯಲು ಬರುವುದಿಲ್ಲ.

ಆಯಿಯನ್ನು ಮಣ್ಣು ಮಾಡಿದ ದಿನದ್ದು ಒಂದು ಹೇಳುವುದು ಉಳಿದಿದೆ. ನಮ್ಮಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಹೆಂಗಸಿನ ಹೆಣವನ್ನು ಕುಣಿಗೆ ಇಳಿಸುವವರು ಹತ್ತಿರದ ರಕ್ತಸಂಬಂಧದ ಗಂಡಸರೇ ಆಗಬೇಕು. ತಲೆ ಉತ್ತರಕ್ಕೆ ಮಾಡಿ ಮಲಗಿಸಿ, ಮುಖವನ್ನು ಕಾಬಾದ ಕಡೆ ತಿರುಗಿಸಿ, ಆಮೇಲೆ ಮಣ್ಣು ಕೊಡುತ್ತಾರೆ.

ಅಪ್ಪ ಮಧ್ಯಾಹ್ನದ ಮೇಲೆ ಬಂದ. ಮೊಣಕಾಲವರೆಗೆ ಕೆಂಪು ಮಣ್ಣು. ನಾನು ಕೈಗೆ ನೀರು ಹಾಕುತ್ತಾ, ಬೇರೇನೂ ಕೇಳಲು ತೋಚದೆ, ಮುಖ ಸರಿಯಾದ ಕಡೆ ಮಾಡಿದರಾ ಎಂದು ಕೇಳಿದೆ. ಅವನು ಎರಡೂ ಅಂಗೈಗಳನ್ನು ನೀರಿನ ಕೆಳಗೆ ಹಿಡಿದುಕೊಂಡೇ ನಿಂತ. ತಂಬಿಗೆ ಖಾಲಿಯಾಯಿತು.

"ನಾನ ಇಳಿದಿದ್ನಿ. ಎರಡೂ ಕೈಲೆ ಗಲ್ಲಾ ಹಿಡಿದು ತಿರುಗಿಸಿದ್ನಿ" ಎಂದ. "ಎಷ್ಟ ಹಗೂರಕ ತಿರುಗಿತವ್ವ. ಆರು ವರ್ಷ ಇದಕ್ಕ ಅಂಜಿದ್ನಲ್ಲ ನಾನು."